ಹಾಳೂರೋ ಬೇಚರಾಕ್ ಗ್ರಾಮವೋ: ಫ್ರಾನ್ಸಿನ ಫ್ಲೆರಿಗೆ ಒಪ್ಪುವ ಪದ ಯಾವುದು?

ಮಾನ್ಯರೇ,

ಫ್ರಾನ್ಸಿನ ಈಶಾನ್ಯದ ಮ್ಯೂಸ್ ಜಿಲ್ಲೆಯಲ್ಲಿ, ವೆರ್ಡನ್ ಪಟ್ಟಣದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ಫ್ಲೆರಿ-ದವಾಂ-ದ್ವೊಮೋಂ ಎಂಬ ರೈತರ ಊರೊಂದಿತ್ತು. ‘ಇತ್ತು’ ಎನ್ನಬೇಕೋ ‘ಇದೆ’ ಎನ್ನಬೇಕೋ ಎಂಬಲ್ಲಿಂದಲೇ ತೊಡಕು ಶುರುವಾಗುತ್ತದೆ. ಇಂಥ ಊರನ್ನು ಫ್ರೆಂಚರು ‘ವಿಲಾಜ್ ದೆತ್ರ್ವಿ’ ಎಂದು ಕರೆಯುತ್ತಾರೆ. ‘ನಾಶವಾದ ಹಳ್ಳಿ’ ಎಂದು ಅನುವಾದಿಸಿದರೆ ತಪ್ಪಾಗದು, ಆದರೆ ನೆರೆಯಿಂದ ನಾಶವಾಗಿ ಮತ್ತೆ ಕಟ್ಟಿಕೊಂಡ ಹಳ್ಳಿಗೂ ಅದೇ ಮಾತು ಸಲ್ಲುವುದರಿಂದ ಅದು ಸಾಲದು. ಈ ಊರಿನ ಪರಿಚಯ ಲೇಖನಕ್ಕೆ ಕನ್ನಡದಲ್ಲೇ ಬಳಕೆಯಲ್ಲಿರುವ ಪದವೊಂದನ್ನು ಹುಡುಕುತ್ತಿದ್ದೇನೆ.

ಮೊದಲು ಊರಿನ ಸಂಗತಿ. ಮ್ಯೂಸ್ ನದಿಯ ಪೂರ್ವ ದಂಡೆಯ ಸುಣ್ಣಕಲ್ಲಿನ ದಿಣ್ಣೆಗಳ ನಡುವೆ ಫ್ಲೆರಿ ನೆಲೆಸಿತ್ತು. ದಿಣ್ಣೆಗಳನ್ನು ಇಳಿದು ಪೂರ್ವಕ್ಕೆ ಹೋದರೆ ವೋವ್ರ್ ಎಂಬ ಜೇಡಿಮಣ್ಣಿನ ಬಯಲು. 1913ರಲ್ಲಿ ಇಲ್ಲಿದ್ದವರು 422 ಮಂದಿ, ಹೆಚ್ಚಿನವರು ಬೇಸಾಯವನ್ನೂ ಮರದ ಕೆಲಸವನ್ನೂ ನಂಬಿದವರು. ಮೊದಲ ಮಹಾಯುದ್ಧದ ನಡುವೆ, 1916ರ ಫೆಬ್ರವರಿ 21ರಂದು ಜರ್ಮನ್ ಸೇನೆ ವೆರ್ಡನ್ ಮೇಲೆ ದಾಳಿ ಆರಂಭಿಸಿದಾಗ ಜನರು ಊರು ಬಿಟ್ಟರು. ವೆರ್ಡನ್‌ಗೆ ಇಳಿಯುವ ದಾರಿಗೆ ಅಡ್ಡಲಾಗಿದ್ದ ಕೊನೆಯ ದಿಣ್ಣೆಗಳ ಸಾಲಿನಲ್ಲೇ ಊರು ಇದ್ದದ್ದು ಅದರ ದುರ್ವಿಧಿಯಾಯಿತು. ಜೂನ್ 23ರಂದು ಜರ್ಮನ್ನರು, ವಿಷಾನಿಲದ ಗುಂಡುಗಳನ್ನು ಸುರಿಸಿದ ಮೇಲೆ, ಅದನ್ನು ಹಿಡಿದರು. ಆಗಸ್ಟ್ ನಡುಭಾಗದಲ್ಲಿ ಫ್ರೆಂಚರು ಅದನ್ನು ಕೊನೆಯದಾಗಿ ಮರಳಿ ಪಡೆಯುವಷ್ಟರಲ್ಲಿ ಊರು 16 ಬಾರಿ ಕೈಬದಲಾಗಿತ್ತೆಂದು ಹೇಳುತ್ತಾರೆ. ಅಷ್ಟರಲ್ಲಿ ಗೋಡೆಗಳ ಗುರುತೂ ಉಳಿದಿರಲಿಲ್ಲ.

‘ಹಾಳೂರು’ ಎಂಬ ಪದ ತಟ್ಟನೆ ಒಪ್ಪದಿರುವುದು ಇಲ್ಲಿಯೇ. ನಮ್ಮ ಹಾಳೂರು ಎಂದರೆ ಪ್ಲೇಗು ಬಂದೋ ನೀರು ಬತ್ತಿಯೋ ಕಳ್ಳರ ಕಾಟಕ್ಕೋ ಜನರು ಬಿಟ್ಟುಹೋದ ಜಾಗ. ಅಲ್ಲಿ ಬಿದ್ದ ಗೋಡೆ, ಮುಚ್ಚಿದ ಬಾವಿ, ವರ್ಷಕ್ಕೊಮ್ಮೆ ಪೂಜೆ ಕಾಣುವ ಗುಡಿ ಇರುತ್ತವೆ. ಫ್ರಾನ್ಸಿನಲ್ಲೇ ಆ ಪದಕ್ಕೆ ಹೆಚ್ಚು ಹತ್ತಿರವಾದದ್ದು ಒರಾದೂರ್-ಸ್ಯುರ್-ಗ್ಲಾನ್. 1944ರ ಜೂನ್ 10ರಂದು ನಾಜಿ ಪಡೆ ಅಲ್ಲಿ 640ಕ್ಕೂ ಹೆಚ್ಚು ಜನರನ್ನು ಕೊಂದಿತು. ಸುಟ್ಟ ಊರನ್ನು ಹಾಗೆಯೇ ಉಳಿಸಿ, ಪಕ್ಕದಲ್ಲಿ ಹೊಸ ಊರನ್ನು ಕಟ್ಟಿದರು. ಅದನ್ನು ಫ್ರೆಂಚರು ‘ಹುತಾತ್ಮ ಗ್ರಾಮ’ ಎಂಬ ಅರ್ಥದ ಬೇರೆ ಹೆಸರಿನಿಂದ ಕರೆಯುತ್ತಾರೆ. ಆದ್ದರಿಂದ ಫ್ಲೆರಿಗೆ ‘ಹುತಾತ್ಮ’ ಎಂಬ ವಿಶೇಷಣವನ್ನು ಅಂಟಿಸುವುದು ಸರಿಯಲ್ಲ: ಒಂದರಲ್ಲಿ ಜನರನ್ನು ಕೊಂದರು, ಕಟ್ಟಡದ ಅವಶೇಷ ಉಳಿಯಿತು, ಇನ್ನೊಂದರಲ್ಲಿ ಜನರು ಮೊದಲೇ ಹೊರಟಿದ್ದರು, ಊರೇ ಹೋಯಿತು.

ಇನ್ನೊಂದು ಪದ ನಮ್ಮ ಕಂದಾಯ ಇಲಾಖೆಯ ‘ಬೇಚರಾಕ್ ಗ್ರಾಮ’. ಪಾರಸಿಯ ‘ಬೇ-ಚಿರಾಗ್’, ಎಂದರೆ ದೀಪವಿಲ್ಲದ್ದು, ಎಂಬುದೇ ಇದರ ಮೂಲ. ದಾಖಲೆಯಲ್ಲಿ ಹೆಸರು, ಗಡಿ, ಸರ್ವೆ ನಂಬರು ಎಲ್ಲವೂ ಇದ್ದು ಒಂದು ಮನೆಯೂ ಇಲ್ಲದ ಗ್ರಾಮವನ್ನು ಹೀಗೆ ಕರೆಯುತ್ತೇವೆ. ಫ್ಲೆರಿಯ ಸ್ಥಿತಿಯೂ ಇದೇ. ಯುದ್ಧಾನಂತರ ಮತ್ತೆ ಕಟ್ಟದೆ ಬಿಟ್ಟ ಆ ಸೀಮೆಯ ಊರುಗಳನ್ನು ಫ್ರಾನ್ಸ್ ಭೂಪಟದಿಂದ ಅಳಿಸಲಿಲ್ಲ. ಅವು ಕಮ್ಯೂನ್‌ಗಳಾಗಿಯೇ, ಎಂದರೆ ಸ್ಥಳೀಯ ಆಡಳಿತದ ಘಟಕಗಳಾಗಿಯೇ, ಉಳಿದವು. ಮತದಾರರೇ ಇಲ್ಲದ ಕಾರಣ ಪ್ರಿಫೆಕ್ಟ್ ಎಂಬ ಜಿಲ್ಲಾಡಳಿತಾಧಿಕಾರಿಯು ಮೂವರ ಸಮಿತಿಯನ್ನು ನೇಮಿಸುತ್ತಾರೆ, ಅದರ ಅಧ್ಯಕ್ಷರು ಮೇಯರ್ ಆಗಿ ಕೆಲಸ ಮಾಡುತ್ತಾರೆ. ಹಾಳೂರಿಗೆ ಉಳಿದವನೇ ಗೌಡ ಎಂಬ ಗಾದೆ ನಮ್ಮದು. ಅಲ್ಲಿ ಉಳಿದವರು ಯಾರೂ ಇಲ್ಲ, ಗೌಡಿಕೆ ಮಾತ್ರ ಇದೆ.

ಆದರೂ ಒಂದು ವ್ಯತ್ಯಾಸ ನನ್ನನ್ನು ತಡೆಯುತ್ತಿದೆ. ಬೇಚರಾಕ್ ಗ್ರಾಮದಲ್ಲಿ ದೀಪ ಆರಿದ್ದರೂ ಉಳುಮೆ ನಿಂತಿರುವುದಿಲ್ಲ. ಅಕ್ಕಪಕ್ಕದ ಊರಿನವರು ಅಲ್ಲಿನ ಹೊಲಗಳನ್ನು ಸಾಗು ಮಾಡುತ್ತಾರೆ. ಫ್ಲೆರಿಯಲ್ಲಿ ನೆಲವೇ ಕೆಟ್ಟಿತು. ಸಿಡಿಯದ ಗುಂಡುಗಳು, ವಿಷ ಬೆರೆತ ಮಣ್ಣು, ಹೂಳಲಾಗದೆ ಉಳಿದ ಹೆಣಗಳು ತುಂಬಿದ್ದ ಈ ಸೀಮೆಯನ್ನು ಸರ್ಕಾರ ‘ಕೆಂಪು ವಲಯ’ವೆಂದು ಗುರುತಿಸಿ ಭೂಮಿಯನ್ನು ವಶಕ್ಕೆ ಪಡೆದು ಪೈನ್ ಮರಗಳನ್ನು ನೆಡಿಸಿತು. ಈಗ ಅಲ್ಲಿ ಕಾಣುವುದು ಗುಂಡುಗಳು ತೋಡಿದ ಕುಳಿಗಳ ಮೇಲೆ ಬೆಳೆದ ಹುಲ್ಲು, ಒಂದು ಪ್ರಾರ್ಥನಾಮಂದಿರ, ಬೇಕರಿ ಎಲ್ಲಿತ್ತು, ಕಮ್ಮಾರನ ಮನೆ ಎಲ್ಲಿತ್ತು ಎಂದು ಸೂಚಿಸುವ ಗುರುತುಗಳು. ಬೇಸಾಯದ ಊರೊಂದು ಬೇಸಾಯವನ್ನೂ ಕಳೆದುಕೊಂಡದ್ದನ್ನು ‘ಬೇಚರಾಕ್’ ಹೇಳುವುದಿಲ್ಲ.

ಇಂಥ ಊರುಗಳಿಗೆ ಫ್ರಾನ್ಸ್ ನೀಡಿದ ಬಿರುದಿನ ವಿಷಯದಲ್ಲಿ ನನಗೆ ಅಷ್ಟು ಗೊಂದಲವಿಲ್ಲ. 1915ರ ಕಾನೂನು ಸೈನಿಕರ ಮರಣದಾಖಲೆಗೆಂದು ರೂಪಿಸಿದ ಮಾತನ್ನೇ ಊರಿಗೂ ಅನ್ವಯಿಸಿದರು. ಅದನ್ನು ‘ಫ್ರಾನ್ಸಿಗಾಗಿ ಮಡಿದ’ ಎಂದು ಬರೆಯುತ್ತೇನೆ. ಕಾಳಗದ ಸಾವಿಗೆ ಕನ್ನಡದಲ್ಲಿ ರೂಢಿಯಲ್ಲಿರುವ ಕ್ರಿಯಾಪದ ‘ಮಡಿ’. ಊರು ಮಡಿಯಿತು ಎಂಬುದು ವಿಚಿತ್ರವಾಗಿ ಕೇಳಿಸಿದರೆ ಆ ವಿಚಿತ್ರ ಮೂಲದಲ್ಲೂ ಇದೆ, ಅದನ್ನು ನಯಗೊಳಿಸಬೇಕಾಗಿಲ್ಲ.

ಸದ್ಯ ಮೊದಲ ಉಲ್ಲೇಖದಲ್ಲಿ ‘ಯುದ್ಧದಲ್ಲಿ ನಿರ್ನಾಮವಾಗಿ ಬೇಚರಾಕ್ ಆದ ಗ್ರಾಮ’ ಎಂದೂ ಮುಂದೆ ಬರೀ ‘ಬೇಚರಾಕ್ ಗ್ರಾಮ’ ಎಂದೂ ಬರೆಯಲು ಯೋಚಿಸಿದ್ದೇನೆ. ಈ ಪದವನ್ನು ನಿಮ್ಮ ಸೀಮೆಯ ರೈತರು ಮಾತಿನಲ್ಲಿ ಬಳಸುತ್ತಾರೆಯೇ, ಅಥವಾ ಅದು ತಹಶೀಲ್ದಾರರ ಕಚೇರಿಯ ಕಾಗದಕ್ಕಷ್ಟೇ ಸೀಮಿತವೇ? ಉಳುಮೆಯೂ ನಿಂತ ಊರಿಗೆ ಬೇರೆಯದೇ ಮಾತು ನಿಮ್ಮ ಕಡೆ ಇದ್ದರೆ, ಬಳಕೆಯ ವಾಕ್ಯದ ಸಮೇತ ತಿಳಿಸಬೇಕೆಂದು ಕೋರುತ್ತೇನೆ.