ಸಹಾಯ ಬೇಕು: ಹತ್ತನೇ ಕ್ಲಾಸ್ ಇಂಗ್ಲಿಷ್, ದಾವಣಗೆರೆ

ಅಣ್ಣ-ಅಕ್ಕಂದಿರಿಗೆ ನಮಸ್ಕಾರ. ನಾನು ಕನ್ನಡ ಮಾಧ್ಯಮ, ಹತ್ತನೇ ಕ್ಲಾಸ್, ಮನೆ ನಿಟುವಳ್ಳಿ ಕಡೆ. ನಮ್ಮ ಇಂಗ್ಲಿಷ್ ಮೇಡಂ ಗೈಡ್ ಮುಟ್ಟೋಕೆ ಬಿಡಲ್ಲ. ಪಾಠ ಮುಗಿದ ಕೂಡಲೇ ಪುಸ್ತಕ ಮುಚ್ಚಿಸಿ ಸಾರಾಂಶ ಸ್ವಂತ ವಾಕ್ಯದಲ್ಲಿ ಬರೆಸ್ತಾರೆ, ಆಮೇಲೆ ಎದ್ದು ನಿಂತು ಓದಬೇಕು. ತಪ್ಪಿದ್ರೆ ಬೈಯಲ್ಲ, ಕೆಂಪು ಪೆನ್ನಲ್ಲಿ ಗೆರೆ ಎಳೆದು ‘ಮತ್ತೆ ಬರಿ’ ಅಂತಾರೆ. (ಬೈದಿದ್ರೇ ಚೆನ್ನಾಗಿತ್ತು!) ಒಳ್ಳೆ ಮೇಡಂ, ಅದರಲ್ಲಿ ಎರಡು ಮಾತಿಲ್ಲ. ಜೂನ್‌ನಲ್ಲಿ ಒಂದು ಸಾಲಿಗೆ ಒದ್ದಾಡ್ತಿದ್ದವನು ಈಗ ಅರ್ಧ ಪುಟ ಬರೀತೀನಿ. ಆದ್ರೆ ಪಾಸ್ಟ್ ಟೆನ್ಸ್‌ನಲ್ಲಿ ಶುರು ಮಾಡಿ ಪ್ರೆಸೆಂಟ್‌ನಲ್ಲಿ ಮುಗಿಸ್ತೀನಿ, ರಿಪೋರ್ಟೆಡ್ ಸ್ಪೀಚ್ ಬಂದ್ರಂತೂ ಕೈಯೇ ಓಡಲ್ಲ.

ನಮಗೆ ಇಂಗ್ಲಿಷ್ ದ್ವಿತೀಯ ಭಾಷೆ, ಲಿಖಿತ ಪರೀಕ್ಷೆ 80 ಅಂಕ, ಆಂತರಿಕ 20. ಮಂಡಳಿ ವೆಬ್‌ಸೈಟಿಂದ ಮಾದರಿ ಪ್ರಶ್ನೆಪತ್ರಿಕೆ ಇಳಿಸ್ಕೊಂಡಿದ್ದೀನಿ. ಬರೆದ ಉತ್ತರ ನೋಡಿ ಹೇಳೋರು ಮನೇಲಿ ಯಾರೂ ಇಲ್ಲ, ಟ್ಯೂಷನ್ ಫೀಸು ಈ ವರ್ಷ ಆಗಲ್ಲ.

ಭಾನುವಾರ ಬೆಳಿಗ್ಗೆ ಒಂದು ತಾಸು ಕೂತು ನನ್ನ ಬರವಣಿಗೆ ತಿದ್ದೋ ಪಿಯುಸಿ, ಡಿಗ್ರಿಯವರು ನಿಟುವಳ್ಳಿ, ವಿದ್ಯಾನಗರ ಕಡೆ ಇದ್ದೀರಾ? ಬದಲಿಗೆ ನಿಮ್ಮ ತಮ್ಮನಿಗೋ ತಂಗಿಗೋ ಗಣಿತ ಹೇಳ್ಕೊಡ್ತೀನಿ, ಅದರಲ್ಲಿ ನಾನು ಗಟ್ಟಿ. ಕಾಮೆಂಟಲ್ಲಿ ಗೈಡ್ ಹೆಸರು ಮಾತ್ರ ಹೇಳಬೇಡಿ.