ಎಣ್ಣೆ ಸುತ್ತಿಕೊಂಡ ಹನಿ ನೀರಿಗೆ ಇಳಿಯುತ್ತಿಲ್ಲ, ಏನು ಮಾಡಲಿ?

ತುಂಗಾತೀರ (ಶಿವಮೊಗ್ಗ):
ಬಿ.ಎಸ್ಸಿ. ಪ್ರಾಜೆಕ್ಟ್, ಹೆಸರು ‘ಮೈಕ್ರೋ ಸಂಯುಕ್ತ ಹನಿಗಳು’. ಹೊರಗೆ ಎಣ್ಣೆ, ಒಳಗೆ ನೀರು ಇರುವ ಹನಿ ಬೇಕು. ಲೋಟದಲ್ಲಿ ನೀರು, ಮೇಲೆ ಅರ್ಧ ಸೆಂ.ಮೀ. ಕೊಬ್ಬರಿ ಎಣ್ಣೆ, ಅದಕ್ಕೆ ಡ್ರಾಪರ್‌ನಿಂದ ಬಣ್ಣದ ನೀರು ಬಿಡುತ್ತೇನೆ. ಹನಿ ಎಣ್ಣೆ ದಾಟಿ, ಎಣ್ಣೆ-ನೀರು ಸೇರುವ ಕಡೆ ಸುಮ್ನೆ ಕೂರುತ್ತದೆ. ಸ್ವಲ್ಪ ಹೊತ್ತಿಗೆ ಪುಸಕ್ ಅಂತ ಒಡೆದು ಬಣ್ಣವೆಲ್ಲ ನೀರಿಗೆ.

ಅಡಿಕೆಸಿಂಗಾರ (ತೀರ್ಥಹಳ್ಳಿ):
ಕೂತಿದೆ ಅಂದರೆ ಹನಿಯ ಕೆಳಗೆ ಇನ್ನೂ ಎಣ್ಣೆಯ ತೆಳು ಪೊರೆ ಇದೆ ಅಂತ. ಆ ಎಣ್ಣೆ ಮೆಲ್ಲಗೆ ಪಕ್ಕಕ್ಕೆ ಜಾರಿ ಪೊರೆ ಹರಿದಾಗ ನೀರಿಗೆ ನೀರು ಸೇರುತ್ತದೆ. ಅಷ್ಟರೊಳಗೆ ಹನಿ ಪೊರೆಯನ್ನೂ ಎಳೆದುಕೊಂಡು ಕೆಳಗೆ ನುಗ್ಗಬೇಕು, ಅದಕ್ಕೆ ವೇಗ ಬೇಕು. ವೆಬರ್ ಸಂಖ್ಯೆ (ಹನಿ ನುಗ್ಗುವ ಜೋರು ಅದರ ಸರ್ಫೇಸ್ ಟೆನ್ಷನ್‌ಗಿಂತ, ಅಂದರೆ ಮೇಲ್ಮೈ ಬಿಗಿತಕ್ಕಿಂತ, ಎಷ್ಟು ಹೆಚ್ಚು ಅನ್ನುವ ಲೆಕ್ಕ) ಹಾಕಿ ನೋಡಿ: ಸಾಂದ್ರತೆ, ವೇಗದ ವರ್ಗ, ಹನಿಯ ವ್ಯಾಸ ಮೂರನ್ನೂ ಗುಣಿಸಿ ಸರ್ಫೇಸ್ ಟೆನ್ಷನ್‌ನಿಂದ ಭಾಗಿಸಿ. 2 ಮಿ.ಮೀ. ಹನಿ 10 ಸೆಂ.ಮೀ. ಮೇಲಿಂದ ಬಿದ್ದರೆ ವೇಗ ಸೆಕೆಂಡಿಗೆ 1.4 ಮೀಟರ್, ಸಂಖ್ಯೆ 55ರ ಹತ್ತಿರ. 40 ಸೆಂ.ಮೀ.ಗೆ ಏರಿಸಿದರೆ ಅದರ ನಾಲ್ಕು ಪಟ್ಟು. ಎಣ್ಣೆ ದಪ್ಪ ಇದ್ದಷ್ಟೂ ಹನಿಯ ವೇಗ ಅಲ್ಲೇ ಸಾಯುತ್ತದೆ, ಪದರ ತೆಳುವಾಗಿರಲಿ.

ಇನ್ನೊಂದು ತೊಡಕು. ನೀರಿನ ಹನಿಗೆ ಎಣ್ಣೆ ಸುತ್ತಿದರೆ ಒಟ್ಟಾರೆ ನೀರಿಗಿಂತ ಹಗುರ, ಒಳಗೆ ಹೋದರೂ ವಾಪಸ್ ತೇಲಿ ಬರುತ್ತದೆ. ಅದಕ್ಕೇ ತಿರುಳು ಭಾರ ಇರಬೇಕು. ಜೋನಿ ಬೆಲ್ಲಕ್ಕೆ ಸ್ವಲ್ಪ ನೀರು ಬೆರೆಸಿ ತೆಳು ಮಾಡಿ ಬಿಡಿ, ಬಣ್ಣ ಹಾಕುವ ಕೆಲಸವೂ ಉಳಿಯಿತು.

ಘಟ್ಟದಂಚು (ಆಗುಂಬೆ):
ಕೊಬ್ಬರಿ ಎಣ್ಣೆ ಬೇಡ ಮಾರಾಯ್ರೆ! 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ನಮ್ಮ ಕಡೆ ಮಳೆಗಾಲದಲ್ಲಿ ಬಾಟಲಿಯಿಂದಲೇ ಇಳಿಯುವುದಿಲ್ಲ. ಸೂರ್ಯಕಾಂತಿ ಎಣ್ಣೆ ತಗೊಳ್ಳಿ.

ತುಂಗಾತೀರ:
ಸರಿ, ಬದಲಾಯಿಸುತ್ತೇನೆ. ಆದರೆ ಗಾಳಿಯಲ್ಲೇ ನೀರಿನ ಹನಿಗೆ ಎಣ್ಣೆ ಹನಿ ಡಿಕ್ಕಿ ಹೊಡೆದರೂ ಎಣ್ಣೆಯೇ ಹೊರಗೆ ಬರುತ್ತಂತೆ, ಯಾಕೆ?

ಹನಿಲೆಕ್ಕ:
ಸರ್ಫೇಸ್ ಟೆನ್ಷನ್ ಲೆಕ್ಕ. ನೀರು-ಗಾಳಿಗೆ ಮೀಟರಿಗೆ 72 ಮಿಲಿನ್ಯೂಟನ್. ಅಡುಗೆ ಎಣ್ಣೆ-ಗಾಳಿಗೆ 30ರ ಆಸುಪಾಸು, ಎಣ್ಣೆ-ನೀರಿಗೆ ಸುಮಾರು 25. ಕೊನೆಯ ಎರಡು ಕೂಡಿದರೂ 72 ಮುಟ್ಟುವುದಿಲ್ಲ, ಹಾಗಾಗಿ ಎಣ್ಣೆ ನೀರನ್ನು ಹೊದ್ದುಕೊಂಡರೆ ಶಕ್ತಿ ಉಳಿತಾಯ. ನೆದರ್‌ಲ್ಯಾಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದವರು 2018ರಲ್ಲಿ ತೋರಿಸಿದ್ದೂ ಇಂಥದ್ದೇ: ಒಂದು ನಾಜಲ್‌ನಿಂದ ಹನಿಗಳ ಸಾಲು, ಇನ್ನೊಂದರಿಂದ ದ್ರವದ ಧಾರೆ, ಎರಡಕ್ಕೂ ಗಾಳಿಯಲ್ಲೇ ಡಿಕ್ಕಿ. ಟೆನ್ಷನ್ ಕಡಿಮೆ ಇರುವುದು ಹೊರಗೆ ಸುತ್ತಿಕೊಳ್ಳುತ್ತದೆ.

ಅಂದಹಾಗೆ ವ್ಯಾಸ ಇಳಿದರೆ ವೆಬರ್ ಸಂಖ್ಯೆಯೂ ಇಳಿಯುತ್ತದೆ. 50 ಮೈಕ್ರಾನ್ (0.05 ಮಿ.ಮೀ.) ಹನಿಗೆ ಅದೇ 55 ಬೇಕಾದರೆ ಸೆಕೆಂಡಿಗೆ ಸುಮಾರು 9 ಮೀಟರ್ ವೇಗ ಬೇಕು. ಅದು ಇಂಕ್‌ಜೆಟ್ ನಾಜಲ್‌ನ ಕೆಲಸ, ಡ್ರಾಪರ್‌ನದ್ದಲ್ಲ. ಪ್ರಾಜೆಕ್ಟ್ ಹೆಸರಿನಿಂದ ‘ಮೈಕ್ರೋ’ ತೆಗೆದುಬಿಡಿ, ವೈವಾದಲ್ಲಿ ಹಿಡಿಯುತ್ತಾರೆ.