‘ಎಪಗೋಮೆನಲ್’ ದಿನಗಳು: ಪದದ ಅರ್ಥವೇನು, ಮೂಲ ಯಾವುದು?

ಪ್ರಶ್ನೆ:
ಪ್ರಾಚೀನ ಈಜಿಪ್ಟಿನ ಕಾಲಗಣನೆಯ ಬಗ್ಗೆ ಓದುವಾಗ, ವರ್ಷದ ಕೊನೆಗೆ ಬರುವ ಐದು ದಿನಗಳನ್ನು ‘ಎಪಗೋಮೆನಲ್’ ಎಂದು ಕರೆದಿರುವುದನ್ನು ಕಂಡೆ. ಈ ಪದ ಎಲ್ಲಿಂದ ಬಂತು? ‘ಇಂಟರ್‌ಕ್ಯಾಲರಿ’ (ಲೆಕ್ಕ ಹೊಂದಿಸಲು ನಡುವೆ ಸೇರಿಸುವ ಕಾಲ) ಎಂಬುದಕ್ಕೂ ಇದಕ್ಕೂ ವ್ಯತ್ಯಾಸವಿದೆಯೇ, ಇಲ್ಲವೇ ಎರಡನ್ನೂ ‘ಅಧಿಕ ದಿನ’ ಎಂದರೆ ಸಾಕೇ?

ಉತ್ತರ:
ಪದ ಗ್ರೀಕ್ ಮೂಲದ್ದು. ‘ಎಪಿ’ ಎಂದರೆ ಮೇಲೆ, ‘ಅಗೆಯ್ನ್’ ಎಂದರೆ ಕರೆತರುವುದು. ಇವೆರಡೂ ಕೂಡಿದ ಧಾತುವಿನಿಂದ ಹುಟ್ಟಿದ ‘ಎಪಗೋಮೆನಾಯ್’ ಎಂಬುದಕ್ಕೆ ‘ಮೇಲಾಗಿ ಸೇರಿಸಲ್ಪಟ್ಟವು’ ಎಂದು ಅರ್ಥ. ಈಜಿಪ್ಟಿನವರು ತಲಾ 30 ದಿನಗಳ 12 ತಿಂಗಳುಗಳನ್ನು ಎಣಿಸಿ, ಮಿಕ್ಕ ಐದು ದಿನಗಳನ್ನು ಯಾವ ತಿಂಗಳಿಗೂ ಹಂಚದೆ ಪ್ರತ್ಯೇಕವಾಗಿಯೇ ಇಟ್ಟರು. ಅವರ ಭಾಷೆಯಲ್ಲಿಯೂ ಇವು ‘ವರ್ಷದ ಮೇಲಿನವು’ ಎಂದೇ ಕರೆಯಲ್ಪಡುತ್ತಿದ್ದವು. ಒಸಿರಿಸ್, ಹೋರಸ್, ಸೆಟ್, ಐಸಿಸ್, ನೆಫ್ತಿಸ್ ಈ ಐವರು ದೇವತೆಗಳ ಜನ್ಮದಿನಗಳು ಇವೇ. ಗ್ರೀಕ್ ಲೇಖಕ ಪ್ಲುಟಾರ್ಕ್ ಹೇಳುವ ಕಥೆಯ ಪ್ರಕಾರ, ಯಾವ ತಿಂಗಳಲ್ಲಿಯೂ ಯಾವ ವರ್ಷದಲ್ಲಿಯೂ ಹೆರಬಾರದೆಂದು ಸೂರ್ಯನು ಈ ಐವರ ತಾಯಿಯಾದ ದೇವಿಗೆ ಶಾಪವಿತ್ತಾಗ, ಹರ್ಮೀಸ್ ದೇವನು ಚಂದ್ರನೊಡನೆ ಪಂದ್ಯವಾಡಿ, ಅವನ ಬೆಳಕಿನಲ್ಲಿ ಒಂದಿಷ್ಟು ಪಾಲನ್ನು ಗೆದ್ದು, ಅದರಿಂದ ಈ ಐದು ದಿನಗಳನ್ನು ಕಟ್ಟಿದನಂತೆ. ಶಾಪದ ಮಾತು ಈ ದಿನಗಳಿಗೆ ತಗಲದಿರುವುದು ಇವು ತಿಂಗಳ ಲೆಕ್ಕದ ಹೊರಗಿರುವುದರಿಂದಲೇ.

ಮತ್ತೊಂದು ಉತ್ತರ:
‘ಇಂಟರ್‌ಕ್ಯಾಲರಿ’ ಲ್ಯಾಟಿನ್ ಪದ. ‘ಕಲಾರೆ’ ಎಂದರೆ ಸಾರುವುದು. ರೋಮಿನಲ್ಲಿ ನಡುವೆ ಸೇರಿಸುವ ಕಾಲವನ್ನು ಪುರೋಹಿತರು ನಿರ್ಧರಿಸಿ ಸಾರಬೇಕಾಗಿತ್ತು. ಎರಡೂ ಒಂದೇ ಎನ್ನಲಾಗದು. ಎಪಗೋಮೆನಲ್ ದಿನಗಳು ತಿಂಗಳ ಹೊರಗಿದ್ದು ಪ್ರತಿವರ್ಷ ಬರುತ್ತವೆ. ಫೆಬ್ರವರಿ 29 ತಿಂಗಳೊಳಗೇ ಇದ್ದು ಆಗಾಗ ಮಾತ್ರ ಬರುತ್ತದೆ. ಕ್ರಿ.ಪೂ. 238ರಲ್ಲಿ ಈಜಿಪ್ಟಿನ ದೊರೆ ಮೂರನೆಯ ಟಾಲೆಮಿಯ ಕಾಲದ ಕನೋಪಸ್ ಶಾಸನವು ನಾಲ್ಕು ವರ್ಷಕ್ಕೊಮ್ಮೆ ಆರನೆಯ ದಿನವನ್ನು ಸೇರಿಸಬೇಕೆಂದಿತು. ಆ ದಿನಕ್ಕೆ ಎರಡು ಹೆಸರೂ ಸಲ್ಲುತ್ತವೆ, ಆದರೆ ಆ ಆಜ್ಞೆ ಬಳಕೆಯಲ್ಲಿ ನಿಲ್ಲಲಿಲ್ಲ. ಅದು ನೆಲೆಗೊಂಡದ್ದು ರೋಮಿನ ಚಕ್ರವರ್ತಿ ಆಗಸ್ಟಸನ ಕಾಲದಲ್ಲಿ. ಗ್ರೀಕ್ ಪದವಾದರೋ ಇಥಿಯೋಪಿಯಾದ ಹದಿಮೂರನೆಯ ತಿಂಗಳಾದ ‘ಪಗುಮೆ’ಯಲ್ಲಿ ಇಂದಿಗೂ ಜೀವಂತವಾಗಿದೆ.

ಇನ್ನೊಂದು ಉತ್ತರ:
ಕನ್ನಡದ ಮಟ್ಟಿಗೆ ‘ಅಧಿಕ’ ಎಂದೊಡನೆ ಅಧಿಕಮಾಸದ ನೆನಪಾಗುತ್ತದೆ. ಅದು ಸುಮಾರು 33 ತಿಂಗಳಿಗೊಮ್ಮೆ ಚಾಂದ್ರಮಾನವನ್ನು ಸೌರಮಾನಕ್ಕೆ ಹೊಂದಿಸುವ ಉಪಾಯ, ಹಾಗಾಗಿ ಇಂಟರ್‌ಕ್ಯಾಲರಿ ಎಂಬುದಕ್ಕೇ ಹತ್ತಿರ. ಆದ್ದರಿಂದ ‘ಅಧಿಕ ದಿನ’ವನ್ನು ಅದಕ್ಕೇ ಬಿಟ್ಟು, ಈಜಿಪ್ಟಿನ ಐದಕ್ಕೆ ‘ಮಾಸಬಾಹ್ಯ ದಿನಗಳು’ ಎನ್ನುವುದು ಮೇಲು. ಕೇಳಲು ಸ್ವಲ್ಪ ಬಿಗಿಯೆನಿಸಿದರೂ ಗೊಂದಲಕ್ಕೆ ಎಡೆಯಿರುವುದಿಲ್ಲ.